ಗುಂಡಿ ಇಲ್ಲದ ಪ್ರಿಆಂಪ್

ರವಿವಾರ, ೭ ಜೂನ್ ೧೯೯೮

ಹಳೇ ಪ್ರಿಆಂಪ್ ಇವತ್ತ ಮುಂಜಾನೆ ಹತ್ತೂವರಿಗೆ ಹೋತು. ರಿಕಾರ್ಡಿನ ಎರಡನೇ ಬಾಜೂ ಅರ್ಧಕ್ಕ ಬಂದಿತ್ತು. ಮೊದಲ ಗರ್ರ್ ಅಂತ ಸಪ್ಪಳ, ಆಮೇಲೆ ಸುಟ್ಟ ಅರಗಿನ ವಾಸನಿ, ಆಮೇಲೆ ಏನೂ ಇಲ್ಲ. ನಾ ಓಡಿ ಹೋಗಿ ಮೇನ್ ಸ್ವಿಚ್ ತಗದೆ. ಜಯಾ ಅಡಗಿಮನ್ಯಾಗಿಂದ ಬಂದು ಫ್ಯಾನ್ ಯಾಕ ನಿಂತತು ಅಂತ ಕೇಳಿದ್ಲು. ಮನಿ ಸುಡತಿತ್ತು ಅಂದೆ. ಸುಡಲಿಲ್ಲಲ್ಲ ಅಂದು ಒಳಗ ಹೋದ್ಲು.

ಸುಡಲಿಲ್ಲ, ಖರೇ. ಆದ್ರ ನಾ ಹಿಟ್ಟಿನ ಗಿರಣ್ಯಾಗ ಇದ್ದಾಗ ಆಗಿದ್ರ? ಸುಮಲತಾ ಒಬ್ಬಾಕಿನ ಓದಕೋತ ಕುಂತಾಗ ಆಗಿದ್ರ? ಮಧ್ಯಾಹ್ನ ಊಟ ಸೇರಲಿಲ್ಲ. ಇದನ್ನ ನೋಡಿ ಸುಮಲತಾ ಈ ಡೈರಿ ಹುಡುಕಿ ಕೊಟ್ಟಳು. ಬೀಜದ ಕಂಪನಿಯವರು ಗಿರಣಿಗೆ ಕೊಟ್ಟದ್ದು, ಜನವರಿಯಿಂದ ಖಾಲಿ ಬಿದ್ದಿತ್ತು. ಅಪ್ಪಾ, ತಲ್ಯಾಗಿನ ಚಿಂತಿ ಇದರಾಗ ಇಳಸಿಬಿಡು, ಅವ್ವನ ಮುಂದ ಹೇಳಬ್ಯಾಡ ಅಂದ್ಲು. ನಾ ಕಲತದ್ದು ಆರನೇತ್ತೆ ಅರ್ಧ. ಅಕ್ಷರ ತಪ್ಪಿದ್ರ ತಪ್ಪಲಿ, ಓದವ ನಾನೊಬ್ಬನ.

ಇಷ್ಟು ದೊಡ್ಡ ಆಂಪ್ಲಿಫಾಯರ್ ಇರೂ ಮುಂದ ಈ ಸಣ್ಣ ಡಬ್ಬಿ ಯಾಕ ಬೇಕು ಅಂತನೂ ಆಕಿ ಕೇಳಿದ್ಲು. ನಾ ಹೇಳಿದೆ, ರಿಕಾರ್ಡಿನ ಮ್ಯಾಲಿನ ಸೂಜಿಯಿಂದ ಬರೋ ದನಿ ಹುಟ್ಟಿದ ಕೂಸಿನ ಉಸರಿನಷ್ಟು ಇರತೈತಿ. ಅದನ್ನ ಮೆಲ್ಲಕ ಎತ್ತಿ, ಹದಾ ಮಾಡಿ, ದೊಡ್ಡ ಆಂಪ್ಲಿಫಾಯರಿಗೆ ಕೊಡಾಂವ ಪ್ರಿಆಂಪ್. ಅಲ್ಲೆ ಕೆಟ್ರ ಮುಂದ ಎಲ್ಲಾ ಕೆಟ್ಟಂಗ.

ಆ ಡಬ್ಬಿ ನನ್ನ ದೋಸ್ತ ಬಂದೇನವಾಜ ಮಾಡಿಕೊಟ್ಟದ್ದು, ಎಪ್ಪತ್ತೇಳರಾಗ. ಆಗ ಅವನ ರಿಪೇರಿ ಅಂಗಡಿ ಅಂದ್ರ ಹುಬ್ಬಳ್ಳಿ ದುರ್ಗದಬೈಲಿನ ಸಂದ್ಯಾಗ ಒಂದು ಕಟ್ಟಿ, ಒಂದು ಸ್ಟೂಲು. ಬಿಸ್ಕಿಟಿನ ತಗಡಿನ ಡಬ್ಬಿ ಕೊರದು ಅದರಾಗ ಕೂಡಿಸಿದ್ದ. ಸೈಕಲ್ಲಿನ ಹಿಂದ ಕಟ್ಟಕೊಂಡು ಉಣಕಲ್ ಕೆರಿ ದಂಡಿಗುಂಟ ನಮ್ಮ ಬೈರಿದೇವರಕೊಪ್ಪಕ್ಕ ತಂದ್ವಿ. ನಾ ತುಳಿಯಾಂವ, ಅಂವ ಡಬ್ಬಿ ಹಿಡಕೊಂಡು ಹಿಂದ ಓಡಾಂವ. ಮನಿಗೆ ಬಂದು ಹಚ್ಚಿದಾಗ ಇಬ್ಬರಿಗೂ ಏದುಸರು, ಮೊದಲ ಹಾಡು ಪೂರಾ ಏದುಸರಿನಾಗ ಕೇಳಿದ್ವಿ.

ಮಂಗಳವಾರ, ೯ ಜೂನ್

ಹುಬ್ಬಳ್ಳಿಗೆ ಹೋಗಿದ್ದೆ. ಡಬ್ಬಿ ಚೀಲದಾಗ ಹಾಕ್ಕೊಂಡು ಸಿಟಿ ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡೆ. ಕಂಡಕ್ಟರ ಏನೋ ಕೇಳಿದ, ಟಿಕೀಟ ತೋರಿಸಿದೆ, ನಕ್ಕ. ಏನ ಕೇಳಿದನೋ.

ಬಂದೇನವಾಜ ಬಿಚ್ಚಿ ನೋಡಿ, ಟ್ರಾನ್ಸ್‌ಫಾರ್ಮರ್ ಸುಟ್ಟೈತಿ, ಸ್ವಿಚ್ಚು ಸವದೈತಿ, ಇಪ್ಪತ್ತೊಂದು ವರ್ಷ ದುಡದೈತಿ, ಇನ್ನ ಬಿಡು ಅಂದ. ಆಮೇಲೆ ಟ್ರೆಬಲ್ ಗುಂಡಿ, ಅಂದ್ರ ಸಣ್ಣ ಮೊನಚು ದನಿ ಏರಿಸಿ ಇಳಿಸೋ ಗುಂಡಿ, ಅದರ ಹಿಂದಿನ ಸಾಮಾನು ಬಿಡಿಸಿ ಬೆಳಕಿಗೆ ಹಿಡದು ಭಾಳೊತ್ತ ನೋಡಿದ. ಇದನ್ನ ಯಾರು ತಿರುವತಾರು ಅಂದ. ನಾನ ಅಂದೆ. ಭಾಬಿ, ಅಂದ್ರ ಜಯಾ, ಮುಟ್ಟಂಗಿಲ್ಲೇನು ಅಂದ. ಆಕಿ ರಿಕಾರ್ಡ ಇಟ್ಟ ಕೋಲಿಗೇ ಬರಂಗಿಲ್ಲ ಈಗೀಗ ಅಂದೆ. ಹ್ಞೂ ಅಂತ ಅದನ್ನ ಮೇಜಿನ ಖಾನೆದಾಗ ಹಾಕಿದ.

ಯಾಕ ಹಾಕಿದ? ಹಳೇ ಸಾಮಾನು ಹೊಸದರಾಗ ಕೂಡಸ್ತಾನೇನು? ಕೇಳಬೇಕಂದೆ, ಕೇಳಲಿಲ್ಲ. ಬಸ್ಸಿನ ತುಂಬ ಅದ ವಿಚಾರ.

ಶನಿವಾರ, ೧೩ ಜೂನ್

ಸುಮಲತಾನ್ನ ಕರಕೊಂಡು ಸ್ಟೇಶನ್ ರೋಡಿನ ದೊಡ್ಡ ಶೋರೂಮಿಗೆ ಹೋದೆ. ಚಪ್ಪಲಿ ಬಿಡಬೇಕೋ ಹಾಕ್ಕೊಂಡ ಹೋಗಬೇಕೋ ತಿಳೀಲಿಲ್ಲ. ಬಿಟ್ಟೆ. ಆಕಿ ಹಾಕ್ಕೊಂಡ ಹೋದ್ಲು.

ಮೂರು ನಮೂನಿ ಇಟ್ಟಾರ. ಕೆಳಗಿನ ಹಲಗಿ ಮ್ಯಾಲ ಹಗರ ಮಾಲು, ಮುಟ್ಟಿದ್ರ ಅಲ್ಲಾಡತೈತಿ. ಮ್ಯಾಲಿನ ಹಲಗಿ ನನ್ನಂಥವ ನೋಡೂದಲ್ಲ. ನಡುವಿನ ಹಲಗಿದು ಒಂಬತ್ತು ಸಾವಿರ. ಕರ್ರಗ, ಸಣ್ಣದು, ದನಿ ಏರಿಸೋ ಗುಂಡಿ ಒಂದು ಬಿಟ್ರ ಮೈಮ್ಯಾಲ ಮತ್ತೇನಿಲ್ಲ. ಟ್ರೆಬಲ್, ಬೇಸ್ ಎಲ್ಲೆ ಅಂದೆ. ಅಂಗಡಿಯವ ನಕ್ಕು, ಛಲೋ ಪ್ರಿಆಂಪಿಗೆ ಅವು ಇರಂಗಿಲ್ರಿ ಯಜಮಾನ್ರ, ರಿಕಾರ್ಡಿನ್ಯಾಗ ಹೆಂಗ ಐತಿ ಹಂಗ ಕೊಡಬೇಕು, ಗುಂಡಿ ಟೆಂಪೋದ ಟೇಪ್ ಡೆಕ್ಕಿಗೆ ಬೇಕು ಅಂದ. ಕಾಗದ ಕೊಟ್ಟ. ಎಲ್ಲಾ ಇಂಗ್ಲಿಷ್. ಸುಮಲತಾ ಓದಿ ಹೇಳಿದ್ಲು, ಇಪ್ಪತ್ತರಿಂದ ಇಪ್ಪತ್ತು ಸಾವಿರದ ತನಕಾ. ಏನು ಇಪ್ಪತ್ತು ಸಾವಿರ ಅಂದೆ. ದಪ್ಪ ದನಿಗೆ ಸಣ್ಣ ಅಂಕಿ, ಮೊನಚು ದನಿಗೆ ದೊಡ್ಡ ಅಂಕಿ ಅಂತ. ಕೆಳಗ ಒಂದು ಗೆರಿ ಹೊಡದಾರ, ಎಡದಿಂದ ಬಲದ ತನಕಾ ಸಪಾಟ, ಹೊಲದ ಬದುವಿನಂಗ. ಸಪಾಟ ಇದ್ದಷ್ಟು ಛಲೋ ಅಂತ.

ಕರೆಂಟ್ ಇದ್ದಿಲ್ಲ, ಕೇಳಿ ನೋಡೋದು ಆಗಲಿಲ್ಲ. ಬರೂಮುಂದ ಅಂಗಡಿಯವ ಇನ್ನೊಂದು ಮಾತಂದ. ಲೋಕಲ್ ಮಿಸ್ತ್ರಿಗಳ ಕೈಯಾಗ ಮಾಡಿಸಬ್ಯಾಡ್ರಿ, ಜಪಾನ್ ಮಾಲು ಅಂತ ರೊಕ್ಕಾ ತಗೊಂಡು ಡುಪ್ಲಿಕೇಟ್ ಕೂಡಸ್ತಾರ.

ಮಂಗಳವಾರ, ೧೬ ಜೂನ್

ಶೋರೂಮಿಂದು ತಂದ್ರ, ಕೆಟ್ಟಾಗ ಯಾರು ನೋಡವ್ರು? ಬೆಂಗಳೂರಿಗೆ ಕಳಸಬೇಕಂತ. ದಾರ್ಯಾಗ ಒಡದ್ರ? ಬಂದೇನವಾಜ ಮಾಡಿದ್ರ ಅವನ ನೋಡತಾನ, ಆದ್ರ ಅವನಿಗೂ ಐವತ್ತಾತು, ಬೆಸಿಗಿ ಹಾಕೂಮುಂದ ಕೈ ನಡಗತಾವೇನೋ. ತಗಳೂದ ಬ್ಯಾಡಂದ್ರ? ರವಿವಾರ ಏನ ಮಾಡ್ಲಿ? ವಾರ ಪೂರಾ ಗಿರಣಿ ಸಪ್ಪಳ ಕೇಳಿದ ಕಿವಿಗೆ ಅದೊಂದ ತಾಸು ತೊಳದಂಗ ಆಗತಿತ್ತು.

ಎರಡು ರವಿವಾರ ಹೋದ್ವು.

ರವಿವಾರ, ೨೮ ಜೂನ್

ಬಂದೇನವಾಜಗ ಹೇಳಿಬಿಟ್ಟೆ. ಶೋರೂಮಿನ ಕಾಗದಾ ತೋರಿಸಿದೆ. ಹಿಂಗ ಸಪಾಟ ಬೇಕು, ಗುಂಡಿ ಬ್ಯಾಡ, ಒಳಗ ಜಪಾನ್ ಮಾಲು. ಐದು ಸಾವಿರದಾಗ ಕೂಡತೈತಿ ಅಂದ. ಆಮೇಲೆ ಟ್ರೆಬಲ್ ಬ್ಯಾಡ ಅಂತೀ, ವಿಚಾರ ಮಾಡೀದೇನು ಅಂತ ಎರಡು ಸಲ ಕೇಳಿದ. ಗುಂಡಿ ಟೆಂಪೋದ ಡೆಕ್ಕಿಗೆ ಅಂದೆ. ಅಂವ ನಗಲಿಲ್ಲ.

ಇವತ್ತ ಪೆಟಗಿ ತಗದು ರಿಕಾರ್ಡೆಲ್ಲ ಒರಸಿದೆ. ಅಖ್ತರಬೇಗಂ ಕೊಟ್ಟದ್ದು ಹನ್ನೊಂದು. ಎಪ್ಪತ್ತೆರಡರಾಗ ನಾ ಧಾರವಾಡದಾಗ ಇನ್ನೊಬ್ಬರ ಗಿರಣ್ಯಾಗ ದುಡಿಯಾಂವ, ಮಾಳಮಡ್ಡಿ ಓಣ್ಯಾಗ ಆಕಿ ಮನಿಗೆ ಹಿಟ್ಟಿನ ಡಬ್ಬಿ ಮುಟ್ಟಸಾಕ ಹೋಗತಿದ್ದೆ. ಆಕಿ ಹೆಣ್ಣಮಕ್ಕಳಿಗೆ ಹೊಲಗಿ ಕಲಸಾಕಿ. ಮಧ್ಯಾಹ್ನ ಕ್ಲಾಸು ಮುಗದ ಮ್ಯಾಲ ರಿಕಾರ್ಡ ಹಚ್ಚಿ, ಚೂರು ಬಟ್ಟಿ ಆರಿಸ್ಕೋತ ಕೂಡತಿದ್ಲು. ಒಂದಿನ ನಾ ಡಬ್ಬಿ ಇಳಿಸಿ ನಿಂತುಬಿಟ್ಟೆ. ಹಾಡು ಮುಗಿಯೋತನಕಾ ಆಕಿ ಏನೂ ಅನ್ನಲಿಲ್ಲ. ಆಮೇಲೆ ಅಂದ್ಲು, ಹಾಡಿನ ಹಿಂದ ಹೋಗಬ್ಯಾಡಪಾ, ಅದು ಎಲ್ಲಾರಿಗೂ ಕೇಳಸತೈತಿ, ಹಿಂದ ತಂಬೂರಿ ಐತಿ ನೋಡು, ತಂತಿ ಮೀಟಿದ ಮ್ಯಾಲ ಮ್ಯಾಲೊಂದು ಸಣ್ಣ ಝಿಲ್ಲು ಏಳತೈತಿ, ಅದನ್ನ ಹಿಡಿ. ಮುಂದಿನ ವಾರ ಹಿಡದೆ. ಕಿವಿ ಮ್ಯಾಲ ಅಲ್ಲ, ನೆತ್ತಿ ಮ್ಯಾಲ ಕುಂತಂಗ ಆತು.

ಆಕಿ ಊರು ಬಿಟ್ಟು ತಮ್ಮನ ಮನಿಗೆ ಹೋಗೂಮುಂದ ಪೆಟಗಿ ನನಗ ಕೊಟ್ಟು ಹೋದ್ಲು. ಒಂದು ರಿಕಾರ್ಡಿನ ಚೀಟಿ ಹರದೈತಿ, ಹಾಡಿದಾಕಿ ಹೆಸರು ಇವತ್ತಿಗೂ ನನಗ ಗೊತ್ತಿಲ್ಲ. ಆ ಝಿಲ್ಲು ಅದರಾಗ ಭಾಳ ಇತ್ತು. ಹಳೇ ಡಬ್ಬ್ಯಾಗ ಈಗ ಐದಾರು ವರ್ಷದಿಂದ ಅದು ಕಡಿಮಿ ಆಕ್ಕೋತ ಬಂದಿತ್ತು. ಡಬ್ಬಿ ಮುದುಕಾಗಿತ್ತು, ಅದಕ್ಕ. ಹೊಸಾದು ಬಂದ್ರ ಮತ್ತ ಕೇಳಸತೈತಿ. ನನಗ ಬೇಕಾದದ್ದು ಅದೊಂದ, ಮತ್ತೇನಿಲ್ಲ.

ಬುಧವಾರ, ೧೫ ಜುಲೈ

ಮಳಿ ಛಲೋ ಹಿಡದೈತಿ. ಗಿರಣಿ ಮುಂದ ಕೆಸರು.

ಈ ವರ್ಷನೂ ಜೀರುಂಡಿ ಒದರವಲ್ವು. ಮೊದಲ ಇಲ್ಲೆ ಮನಿ ಹಿಂದ ಜ್ವಾಳದ ಹೊಲ ಇದ್ದಾಗ ಮಳಿಗಾಲದ ಸಂಜಿಕ ಒದರಿ ಒದರಿ ತಲಿ ತಿಂತಿದ್ವು. ಈಗ ಎಲ್ಲಾ ಪ್ಲಾಟ್ ಆಗ್ಯಾವು, ಸಿಮೆಂಟ್ ಬಿದ್ದೈತಿ. ಹುಳಾ ಎಲ್ಲೆ ಇರಬೇಕು ಪಾಪ. ಬಂದು ನಮ್ಮ ತಲಿ ತಿನ್ನಲಿ ಅನಸತೈತಿ ಈಗ.

ಬಂದೇನವಾಜ ಫೋನ್ ಮಾಡಿದ್ದ. ಲೈನ್ ಖರಾಬು, ಒಂದು ಮಾತೂ ತಿಳೀಲಿಲ್ಲ. ಹ್ಞೂ ಹ್ಞೂ ಅಂದು ಇಟ್ಟೆ. ಆಮೇಲೆ ಸುಮಲತಾ ಮಾಡಿ ಕೇಳಿದ್ಲು, ಆಕಿಗೆ ತಿಳೀತು. ಹತ್ತು ದಿನದಾಗ ಆಗತೈತಂತ.

ಜಯಾನ ವಿಚಾರ ಹತ್ತೇತಿ. ಆಕಿ ಈಗ ಬಾಯಿ ಬಿಟ್ಟು ಮಾತಾಡಂಗಿಲ್ಲ, ಗೋಡಿ ಕಡೆ ಮಾರಿ ಮಾಡಿ ಗುಣುಗುಣು ಅಂತಾಳ. ಮತ್ತೊಮ್ಮೆ ಹೇಳಂದ್ರ ಏನಿಲ್ಲ ಬಿಡ್ರಿ ಅಂತಾಳ. ಮೈಯಾಗ ಆರಾಮ ಇಲ್ಲೋ, ನನ್ನ ಮ್ಯಾಲ ಸಿಟ್ಟೋ. ಮದುವಿ ಆದ ಹೊಸದರಾಗ ರಿಕಾರ್ಡ ಹಚ್ಚಿದ್ರ ಅಕ್ಕಿ ಆರಿಸೋ ಮರಾ ತಗೊಂಡು ಬಂದು ಬಾಜೂಕ ಕೂಡತಿದ್ಲು. ಈಗ ನಾ ಹಚ್ಚಿದ್ರ ಅಡಗಿಮನಿ ಬಾಗಲಾ ಹಾಕ್ಕೊಂತಾಳ.

ರವಿವಾರ, ೨೬ ಜುಲೈ

ಬಂತು. ಬಂದೇನವಾಜ ನಿನ್ನೆ ಕೊಟ್ಟ, ಇಟ್ಕೊಂಡು ಕೇಳಿ ನೋಡು, ಒಂದು ವಾರ ಬಿಟ್ಟು ಹೇಳು ಅಂದ. ಕರ್ರನೆ ಬಣ್ಣ ಹೊಡಿಸ್ಯಾನ, ಶೋರೂಮಿನ ಮಾಲಿನಂಗ ಐತಿ. ಅರ್ಥಿಂಗ್ ವೈರು ಎರಡು ಸಲ ನೋಡಿದೆ. ಕೈ ತೊಳಕೊಂಡು ಬಂದು ಹರದ ಚೀಟಿ ರಿಕಾರ್ಡ ಹಚ್ಚಿದೆ.

ಝಿಲ್ಲು ಇಲ್ಲ.

ಹಾಡು ಐತಿ. ತಬಲಾದ ದಪ್ಪ ಏಟು ಎದಿಗೆ ಬಡದಂಗ ಬರತೈತಿ. ಆದ್ರ ಮ್ಯಾಲ ಕಂಬಳಿ ಹೊಚ್ಚಿದಂಗ. ಸೂಜಿ ಒರಸಿದೆ. ವೈರು ಬದಲಿ ಮಾಡಿದೆ. ಉಳದ ಹತ್ತೂ ರಿಕಾರ್ಡ ಹಚ್ಚಿದೆ. ಹಳೇ ಡಬ್ಬಿಗಿಂತ ಕಡಿಮಿ ಐತಿ.

ಶುಕ್ರವಾರ, ೩೧ ಜುಲೈ

ಇವತ್ತೂ ಹಂಗ. ಒಂದು ವಿಚಿತ್ರ, ಜಯಾ ಬಂದು ಕುಂತ್ಲು. ಒಂದು ಬಾಜೂ ಪೂರಾ ಕೇಳಿ ಎಷ್ಟ ಛಲೋ ಕೇಳಸತೈತಲ್ರಿ ಅಂದ್ಲು. ನನ್ನ ಮಾರಿ ನೋಡಿ ಸಮಾಧಾನಕ್ಕ ಅಂದಿರಬೇಕು. ಆಕಿಗೆ ಏನು ಗೊತ್ತಾಗತೈತಿ.

ಶೋರೂಮಿನವ ಅಂದ ಮಾತು ತಲ್ಯಾಗಿಂದ ಹೋಗವಲ್ದು. ಆ ಖಾನೆದಾಗ ಹಾಕಿದ ಹಳೇ ಸಾಮಾನು. ಎರಡು ಸಲ ಕೇಳಿದ್ದು, ವಿಚಾರ ಮಾಡೀದೇನು ಅಂತ. ಯಾಕ ಕೇಳಿದ? ಮೂವತ್ತು ವರ್ಷದ ದೋಸ್ತಿ. ಹಿಂಗ ಬರಿಯಾಕೂ ನಾಚಿಕಿ.

ಮಂಗಳವಾರ, ೪ ಆಗಸ್ಟ್

ಅಂದುಬಿಟ್ಟೆ.

ಬಸ್ಸಿನಾಗ ಮಾತು ಜೋಡಿಸ್ಕೋತ ಹೋಗಿದ್ದೆ. ಹೋದ್ರ ಅಂಗಡ್ಯಾಗ ಶಿರಗುಪ್ಪಿ ಗುರುಶಿದ್ದಪ್ಪ ಕುಂತಿದ್ದ. ತಮ್ಮೂರ ಭಜನಾ ಮಂಡಳಿಗೆ ಆಂಪ್ಲಿಫಾಯರ್ ಮಾಡಸಾಕ ಬಂದಾಂವ. ಇನ್ನಿಬ್ಬರು ಗಿರಾಕಿ ಬ್ಯಾರೆ. ಅವರು ಹೋಗೋತನಕಾ ನಿಲ್ಲಬೇಕಾಗಿತ್ತು. ನಿಂತ್ರ ನನಗ ಧೈರ್ಯ ಉಳಿಯಂಗಿಲ್ಲ ಅಂತ ಡಬ್ಬಿ ಮೇಜಿನ ಮ್ಯಾಲ ಇಟ್ಟು ಅಂದೆ, ಜಪಾನ್ ಮಾಲು ಅಂದಿ, ಜಪಾನ್ ಮಾಲಿನ ರೊಕ್ಕಾ ತಗೊಂಡಿ, ಒಳಗ ಏನ ಹಾಕೀದಿ ಹೇಳು.

ಅಂವ ಬೆಸಿಗಿ ಕಡ್ಡಿ ಕೆಳಗಿಟ್ಟ. "ಏನ ಕಡಿಮಿ ಐತಿ?" ಅಂದ.

"ದನಿಗೆ ತುದಿನ ಇಲ್ಲ. ಹಿಟ್ಟಿನಾಗ ಬೂಸಾ ಕಲಸಿ ಕೊಟ್ರ ನನ್ನ ಕೈಗೆ ಗೊತ್ತಾಗತೈತಿ. ಇದೂ ಗೊತ್ತಾಗತೈತಿ."

ಅವನ ಕೈ ಒಮ್ಮೆ ಖಾನೆ ಕಡೆ ಹೋತು. ಗುರುಶಿದ್ದಪ್ಪನ ಕಡೆ ನೋಡಿದ, ನನ್ನ ಕಡೆ ನೋಡಿದ, ಕೈ ಹಿಂದಕ್ಕ ತಗೊಂಡ. ಗಲ್ಲೇ ತಗದು ರೊಕ್ಕಾ ಪೂರಾ ನನ್ನ ಮುಂದ ಇಟ್ಟ. "ನಿನಗ ಸರಿ ಇಲ್ಲಂದ್ರ ಸರಿ ಇಲ್ಲಪಾ. ಇನ್ನ ಮುಂದ ಬ್ಯಾರೆ ಕಡೆ ನೋಡಕೋ."

ಅಂವ ಜಗಳಾಡಿದ್ರ ಛಲೋ ಆಗತಿತ್ತು. ಆಡಲಿಲ್ಲ. ಆಡಲಿಲ್ಲ ಅಂದ್ರ ತಪ್ಪು ಐತಿ ಅಂತ ಅಲ್ಲೇನು? ಹಂಗ ಅಂದ್ಕೊಂಡು ಬಂದೆ. ಬಸ್ಸಿನಾಗ ಹಂಗ ಅನಸಿತ್ತು. ಈಗ ಅನಸವಲ್ದು.

ಗುರುವಾರ, ೬ ಆಗಸ್ಟ್

ಗಿರಣಿ ಕಲ್ಲು ಕುಟ್ಟಿದೆ. ಮತ್ತೇನಿಲ್ಲ.

ಸೋಮವಾರ, ೧೦ ಆಗಸ್ಟ್

ಗುರುಶಿದ್ದಪ್ಪ ಈ ಕಡೆ ಬಂದಾಂವ ಗಿರಣಿಗೆ ಬಂದಿದ್ದ. ನೀವು ಅವತ್ತ ಅಂದದ್ದು ಛಲೋ ಆತ್ರಿ ಹುಚ್ಚಪ್ಪನವರ, ನಮ್ಮ ಮಂಡಳಿ ಆರ್ಡರು ಬ್ಯಾಡಂತ ಹೇಳಿ ಬಂದೆ, ಅಲ್ಲಿದ್ದ ಇನ್ನಿಬ್ಬರೂ ತಮ್ಮ ರೇಡಿಯೋ ಹೊಳ್ಳಿ ತಗೊಂಡು ಹೋದ್ರು ಅಂದ. ಪುಣ್ಯಾ ಕಟ್ಟಿಕೊಂಡ್ರಿ ಅಂದ.

ಮಶೀನ್ ನಡದಿತ್ತು, ಆದ್ರೂ ಅವನ ಮಾರಿ ನೋಡಕೋತ ಪೂರಾ ಕೇಳಿದೆ. ಕೈಯಾಗಿನ ಹಿಟ್ಟು ಬಿಸಿ ಇತ್ತು, ಹಂಗ ಹಿಡಕೊಂಡು ನಿಂತೆ. ಒಬ್ಬ ಮನಷ್ಯಾನ ಅನ್ನ ನನ್ನ ಒಂದು ಮಾತಿನಿಂದ ಹೋಗಾಕತ್ತೇತಿ. ನಾ ಅಂದದ್ದು ಖರೇ ಇದ್ರ ಹೋಗಲಿ. ಖರೇ ಇರದಿದ್ರ?

ಶನಿವಾರ, ೨೨ ಆಗಸ್ಟ್

ಖಾತ್ರಿ ಮಾಡ್ಕೊಳ್ಳಾಕ ಶೋರೂಮಿಗೆ ಹೋದೆ. ಹರದ ಚೀಟಿ ರಿಕಾರ್ಡ ಬಗಲಾಗ ಇಟ್ಕೊಂಡು. ಸುಮಲತಾನೂ ಇದ್ಲು. ಕರೆಂಟ್ ಇತ್ತು. ಒಂಬತ್ತು ಸಾವಿರದ್ದು ಹಚ್ಚಿಸಿದೆ. ಝಿಲ್ಲು ಇಲ್ಲ. ಮ್ಯಾಲಿನ ಹಲಗೀದು ಹಚ್ಚಿಸಿದೆ, ಮೂವತ್ತೈದು ಸಾವಿರದ್ದು. ಇಲ್ಲ. ಅದರಾಗೂ ಕಂಬಳಿ.

ಅಂಗಡಿಯವಗ ಇದೂ ಡುಪ್ಲಿಕೇಟ್ ಐತೇನ್ರಿ ಅಂದೆ. ಅಂವ ಸಿಟ್ಟಿಗೆದ್ದ. ಸುಮಲತಾ ನನ್ನ ಕೈ ಹಿಡದು ಹೊರಗ ಕರಕೊಂಡು ಬಂದ್ಲು. ದಾರಿ ಪೂರಾ ಮಾತಾಡಲಿಲ್ಲ. ಮಾತಾಡಿದ್ದಳೋ ಏನೋ, ನಾ ಮುಂದ ನಡದಿದ್ದೆ.

ರವಿವಾರ, ೨೩ ಆಗಸ್ಟ್

ಸಂಜಿಕ ಮಳಿ ನಿಂತಿತ್ತು. ಹಿತ್ತಲದ ಕಟ್ಟಿ ಮ್ಯಾಲ ಮೂವರೂ ಕುಂತಿದ್ವಿ. ಈ ಕಾಲದ ಮಾಲು ಎಲ್ಲಾ ಖೊಟ್ಟಿ, ಹತ್ತು ರೂಪಾಯಿಯಿಂದ ಮೂವತ್ತೈದು ಸಾವಿರದ ತನಕಾ ಖೊಟ್ಟಿ, ಹುಳಾ ಸುದ್ದಾ ಒದರೂದು ಬಿಟ್ಟಾವು ಅಂದೆ.

ಜಯಾ ನನ್ನ ಕಡೆ ಹೊಳ್ಳಿ ಕುಂತ್ಲು. "ಯಾವ ಹುಳಾರಿ?"

"ಜೀರುಂಡಿ. ಎಷ್ಟ ವರ್ಷ ಆತು ಕೇಳಿ."

ಆಕಿ ಸುಮಲತಾನ ಮಾರಿ ನೋಡಿದ್ಲು. ಸುಮಲತಾ ತಲಿ ಕೆಳಗ ಹಾಕಿದ್ಲು. ಜಯಾ ನನ್ನ ಕೈ ಮ್ಯಾಲ ಕೈ ಇಟ್ಟು, ಒಂದೊಂದ ಮಾತು ಬಿಡಿಸಿ ಹೇಳಿದ್ಲು. "ಈಗ ಒದರಾಕತ್ತಾವ್ರಿ. ಕಿವಿ ತೂತು ಬೀಳೂವಂಗ ಒದರಾಕತ್ತಾವು. ನಿಮಗ ಕೇಳವಲ್ವೇನು?"

ಗಿಡದ ಕಡೆ ನೋಡಿದೆ. ಹಸರು ಇತ್ತು, ಎಲಿ ಮ್ಯಾಲಿಂದ ನೀರು ತೊಟಕತಿತ್ತು. ಬ್ಯಾರೆ ಏನೂ ಇದ್ದಿಲ್ಲ.

ಗುರುವಾರ, ೨೭ ಆಗಸ್ಟ್

ಕಿವಿ ಡಾಕ್ಟರ ಹತ್ರ ಹೋಗಿದ್ವಿ. ಟೆಲಿಫೋನ್ ಬೂತಿನಂಥ ಡಬ್ಬ್ಯಾಗ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಚ್ಚಿ, ಸಪ್ಪಳ ಕೇಳಿದ್ರ ಬೆರಳು ಎತ್ರಿ ಅಂದ್ರು. ಮೊದಮೊದಲು ಎತ್ತಿದೆ. ಆಮೇಲೆ ಸಪ್ಪಳ ಬರೂದು ನಿಂತತು. ಮಶೀನ್ ಕೆಟ್ಟತೇನೋ ಅಂತ ಗ್ಲಾಸಿನಾಗಿಂದ ನೋಡಿದೆ. ಆ ಕಡೆ ಕುಂತಾಕಿ ಗುಂಡಿ ಒತ್ತಾಕಿ, ನನ್ನ ಬಟ್ಟ ನೋಡಾಕಿ. ಒತ್ತಾಕಿ, ನೋಡಾಕಿ.

ಕಾಗದಾ ಕೊಟ್ರು. ಮ್ಯಾಲ ಅಂಕಿ ಬರದಾರ, ಐದನೂರು, ಸಾವಿರ, ಎರಡು ಸಾವಿರ, ನಾಲ್ಕು, ಎಂಟು. ಈ ಅಂಕಿ ನಾ ಕಂಡಾಂವ. ಮನಿಗೆ ಬಂದು ಶೋರೂಮಿನ ಕಾಗದಾ ಹುಡುಕಿ ಬಾಜೂಕ ಇಟ್ಟು ನೋಡಿದೆ. ಪ್ರಿಆಂಪಿನ ಗೆರಿ ಸಪಾಟ. ನನ್ನ ಗೆರಿ ಸಾವಿರದ ತನಕಾ ನೆಟ್ಟಗ ಬಂದು, ಅಲ್ಲಿಂದ ಬಾವಿ ಮೆಟ್ಟಲದಂಗ ಕೆಳಗ ಇಳದೈತಿ. ತಂಬೂರಿ ಝಿಲ್ಲು ಇರೂದು ಆ ಬಾವ್ಯಾಗ.

ಗಿರಣಿ ಎಷ್ಟು ವರ್ಷ ಅಂತ ಡಾಕ್ಟರ ಕೇಳಿದ್ರು. ಇಪ್ಪತ್ತೆಂಟು. ನಿನ್ನೆ ಮೊನ್ನೇದಲ್ಲ ಇದು, ಹೋದದ್ದು ಹೊಳ್ಳಿ ಬರಂಗಿಲ್ಲ, ಇದ್ದದ್ದು ಉಳಿಸ್ಕೋರಿ, ಮಶೀನ್ ಹಂತೇಕ ಕಿವಿ ಮುಚ್ಕೊಂಡ ದುಡೀರಿ ಅಂದ್ರು. ಇಷ್ಟು ಹೋದ್ರೂ ಮಾತು ಹೆಂಗ ತಿಳೀತಾವು, ಗೊತ್ತೇನು, ನೀವು ಮಂದೀ ತುಟಿ ಓದ್ತೀರಿ ಅಂದ್ರು. ಗಿರಣ್ಯಾಗ ಎಲ್ಲಾರೂ ಹಂಗ ಮಾತಾಡೂದು. ಅದು ಓದೂದು ಅಂತ ನನಗ ಗೊತ್ತಿದ್ದಿಲ್ಲ, ಕೇಳೂದು ಅಂತ ತಿಳದಿದ್ದೆ. ಜಯಾ ಗೋಡಿ ಕಡೆ ಮಾರಿ ಮಾಡಿದ್ರ ಗುಣುಗುಣು ಯಾಕ ಆಗತಿತ್ತು ಅಂತ ಈಗ ತಿಳೀತು. ರಿಕಾರ್ಡಿಗೆ ತುಟಿ ಇರಂಗಿಲ್ಲ.

ಶುಕ್ರವಾರ, ೨೮ ಆಗಸ್ಟ್

ಬಂದೇನವಾಜ.

ಶನಿವಾರ, ೫ ಸೆಪ್ಟೆಂಬರ್

ಒಂದು ವಾರ ಬೇಕಾತು ಹೋಗಾಕ. ಮುಂಜಾನೆ ಮೊದಲ ಬಸ್ಸಿಗೆ ಶಿರಗುಪ್ಪಿಗೆ ಹೋದೆ. ಗುರುಶಿದ್ದಪ್ಪ ಹೊಲಕ್ಕ ಹೊಂಟಿದ್ದ. ನನ್ನ ಜೋಡಿ ಹುಬ್ಬಳ್ಳಿಗೆ ಬರ್ರಿ ಅಂದೆ. ಯಾಕ ಅಂದ. ಹೇಳಿದೆ. ತಿಳೀತಲ್ಲ, ನಾ ಫೋನಿನ್ಯಾಗ ಹೇಳತೇನಿ ಬಿಡ್ರಿ ಅಂದ. ಎಲ್ಲೆ ಅಂದೇನಿ ಅಲ್ಲೆ ಹೊಳ್ಳಿ ತಗೋಬೇಕ್ರಿ, ಕೇಳಿದಾಂವ ನೀವು ಬಾಜೂಕ ಇರಬೇಕು ಅಂದೆ. ಅಂವ ಸಲಿಕಿ ಗೋಡಿಗೆ ಇಟ್ಟು ಅಂಗಿ ಬದಲಿ ಮಾಡ್ಕೊಂಡು ಬಂದ.

ಅಂಗಡ್ಯಾಗ ಮೂವರು ಗಿರಾಕಿ ಇದ್ರು. ಈ ಸಲ ಅವರು ಇರೂದ ಬೇಕಾಗಿತ್ತು. ಬಂದೇನವಾಜ ನನ್ನ ನೋಡಿ ಎದ್ದು ನಿಲ್ಲಲಿಲ್ಲ. ಡಾಕ್ಟರ ಕಾಗದಾ ಮೇಜಿನ ಮ್ಯಾಲ ಹಾಸಿದೆ. "ತಪ್ಪು ನಿನ್ನ ಡಬ್ಬೀದಲ್ಲ ಬಂದೇನವಾಜ, ನನ್ನ ಕಿವೀದು. ನಿನ್ನ ಮಾಲು ಸಾಚಾ. ನಾ ಅಂದದ್ದು ಸುಳ್ಳು." ಎಷ್ಟ ದೊಡ್ಡ ದನಿಲೆ ಅಂದೆನೋ ಗೊತ್ತಿಲ್ಲ, ರಸ್ತಾದಾಗ ಹೋಗವ್ರು ನಿಂತ್ರು.

ಅಂವ ಕಾಗದಾ ನೋಡಲಿಲ್ಲ. ಖಾನೆ ತಗದು ಆ ಹಳೇ ಟ್ರೆಬಲ್ ಸಾಮಾನು ನನ್ನ ಅಂಗೈ ಮ್ಯಾಲ ಇಟ್ಟ. ತಗಡು ಬಿಚ್ಚಿದ್ದ. ಒಳಗ ಒಂದು ಕರೇ ಪಟ್ಟಿ ಗುಂಡಗ ಐತಿ. ಪೂರಾ ಪಟ್ಟಿ ಹೊಸಾದರಂಗ ಹೊಳೀತೈತಿ, ಒಂದು ತುದಿ ಮಾತ್ರ ಸವದು ಬೆಳ್ಳಗಾಗೈತಿ.

"ನೀ ಇದನ್ನ ಪೂರಾ ಏರಿಸಿ ಇಟ್ಟಿದ್ದಿ," ಅಂದ. "ಇನ್ನೂ ಏರತೈತೇನಂತ ದಿನಾ ತಿರುವಿ ತಿರುವಿ ಸವಸೀದಿ. ನಿನಗ ಮೊನಚು ದನಿ ಕೇಳವಲ್ದಂತ ಜೂನ್‌ದಾಗ ಬಿಚ್ಚಿದಾಗ ನನಗ ತಿಳೀತು."

"ಹಂಗಾದ್ರ ಆಗ ಯಾಕ ಹೇಳಲಿಲ್ಲೋ?"

"ಸೀನು ಬಂದ್ರ ದವಾಖಾನಿಗೆ ಓಡಾಂವ ನೀ. ಹೆಂಗ ಹೇಳೂದಂತ ದಾರಿ ನೋಡಾಕತ್ತಿದ್ದೆ."

"ನಾ ಕಳ್ಳ ಅಂದಾಗರ ತೋರಸಬೇಕಾಗಿತ್ತು."

"ನಾಲ್ಕು ಮಂದಿ ಮುಂದ?" ಅಂದ. "ನೀ ನನ್ನ ಕಳ್ಳ ಅಂದಿ. ಅದಕ್ಕ ನಾ ನಿನ್ನ ಕಿವುಡ ಅನಬೇಕಾಗಿತ್ತೇನು?"

ಗುರುಶಿದ್ದಪ್ಪ ಕೆಮ್ಮಿ, ನಮ್ಮ ಮಂಡಳೀದು ಶುರು ಮಾಡ್ರಿ ಮತ್ತ, ಟ್ರೆಬಲ್ ಅಷ್ಟ ಕಡಿಮಿ ಇಡ್ರಿ, ನಮ್ಮವ್ರ ದನಿ ಮೊದಲ ಚೀರತಾವು ಅಂದ. ಗಿರಾಕಿ ನಕ್ರು. ಬಂದೇನವಾಜನೂ ನಕ್ಕ, ಆದ್ರ ನನ್ನ ಕಡೆ ನೋಡಿ ಅಲ್ಲ. ಮೊದಲೆಲ್ಲ ನಾ ಹೋದ್ರ ಮೂಲಿ ಅಂಗಡಿಗೆ ಕೂಗಿ ಚಾ ಹೇಳತಿದ್ದ. ಇವತ್ತ ಹೇಳಲಿಲ್ಲ. ಹೇಳಬೇಕಂತ ನಾ ಯಾವ ಬಾಯಿಲೆ ಅನ್ಲಿ.

ಭಾಬೀನ ಕರಕೊಂಡು ಬಾ, ಡಬ್ಬಿ ಇಲ್ಲೇ ಐತಿ, ಏನ ಮಾಡೂದಂತ ನೋಡೂಣು ಅಂದ. ಇಷ್ಟ.

ರವಿವಾರ, ೧೩ ಸೆಪ್ಟೆಂಬರ್

ಜಯಾನ ಕರಕೊಂಡು ಹೋಗಿದ್ದೆ. ಬಂದೇನವಾಜ ಎರಡು ನಮೂನಿ ತಯಾರು ಇಟ್ಟಿದ್ದ. ಒಂದು ಅದ ಸಪಾಟ. ಇನ್ನೊಂದರಾಗ ಮೊನಚು ದನಿ ಹಳೇ ಡಬ್ಬಿಗಿಂತ ಜಾಸ್ತಿ ಏಳೂವಂಗ ಮಾಡಿದ್ದ, ನನ್ನ ಬಾವಿ ಎಷ್ಟ ಆಳ ಐತಿ ಅಷ್ಟ ಮಣ್ಣು ತುಂಬಿದಂಗ. ಡಾಕ್ಟರ ಕಾಗದಾ ನೋಡೇ ಮಾಡ್ಯಾನ. ಅವತ್ತ ನೋಡೇ ಇಲ್ಲ ಅಂದ್ಕೊಂಡಿದ್ದೆ.

ಎರಡನೇದು ಹಚ್ಚಿದ. ಹರದ ಚೀಟಿ ರಿಕಾರ್ಡ.

ಬಂತು. ತಂತಿ ಮೀಟಿದ ಮ್ಯಾಲ ಮ್ಯಾಲೆದ್ದು ಬಂತು. ಮಾಳಮಡ್ಡಿ ಪಡಸಾಲಿ, ಆ ಬಟ್ಟಿ ಚೂರು, ಮಧ್ಯಾಹ್ನದ ಬಿಸಲು ಬಾಗಲದಾಗಿಂದ ಒಳಗ ಬಂದದ್ದು, ನನ್ನ ಕೈ ಮ್ಯಾಲಿನ ಹಿಟ್ಟು, ಎಲ್ಲಾ ಅದರ ಜೋಡಿ ಬಂತು. ಕಣ್ಣು ಒರಸ್ಕೊಂಡೆ, ನಾಚಿಕಿ ಆಗಲಿಲ್ಲ. ಇದ ಸಾಕು, ಇದನ್ನ ಕೊಡು ಅನ್ನಾಕ ಹೊಳ್ಳಿದೆ.

ಜಯಾ ಸೆರಗಿನ ತುದಿ ಕಿವಿಗೆ ಒತ್ತಿ ಹಿಡಕೊಂಡಿದ್ಲು. ನಾ ನೋಡಿದ್ದು ಕಂಡು ಲಗೂನ ಬಿಟ್ಟು ನಕ್ಕಳು. ಛಲೋ ಐತ್ರಿ ಅಂದ್ಲು. ಹುಬ್ಬು ಮಾತ್ರ ಗಂಟು ಹಾಕ್ಕೊಂಡಿತ್ತು, ತಾಟಿನ ಮ್ಯಾಲ ಚಾಕು ಹರಿಸೂ ಸಪ್ಪಳ ಕೇಳಿದಾಗ ಆಗತೈತಲ್ಲ, ಹಂಗ. ಐದಾರು ವರ್ಷ ಆಕಿ ಅಡಗಿಮನಿ ಬಾಗಲಾ ಯಾಕ ಹಾಕ್ಕೊಂತಿದ್ಲು ಅಂತ ಅಲ್ಲೇ ತಿಳೀತು. ಒಂದಿನಾನೂ ಹೇಳಲಿಲ್ಲ. ರವಿವಾರದ ನನ್ನ ತಾಸು ಕೆಡಬಾರದಂತ.

ಸಪಾಟ ಇದ್ದದ್ದು ಕೊಡು ಅಂದೆ.

ಬಂದೇನವಾಜ ಎರಡೂ ಒಂದ ಡಬ್ಬ್ಯಾಗ ಕೂಡಸ್ತೇನಿ, ನಡುವ ಒಂದು ಗುಂಡಿ ಇಡತೇನಿ, ಭಾಬಿ ಇಲ್ಲದಾಗ ತಿರುವಿಕೋ ಅಂದ. ಗುಂಡಿ ಇದ್ರ ನನ್ನ ಕೈ ಸುಮ್ಮನ ಇರಂಗಿಲ್ಲ, ನೀನ ನೋಡೀದಿ ಅಂದೆ. ಆಕಿ ಮತ್ತ ಎದ್ದು ಹೋಗತಾಳ. ಒಬ್ಬನ ಕುಂತು ಕೇಳಿದ್ದು ಸಾಕಾಗೈತಿ.

ಜಯಾ ಬ್ಯಾಡ್ರಿ, ನಿಮಗ ಕೇಳೂದು ಮುಖ್ಯ ಅಂತ ಭಾಳ ಹೇಳಿದ್ಲು. ಒಮ್ಮೆ ಕೇಳಿದ್ನಲ್ಲ ಅಂದೆ. ಇನ್ನೊಮ್ಮೆ ಹಚ್ಚಲೇನು ಅಂತ ಬಂದೇನವಾಜ ಕೇಳಿದ. ಹಚ್ಚು ಅನಬೇಕಂತ ನಾಲಗಿ ತುದಿಗೆ ಬಂದಿತ್ತು. ಆಕಿ ಮತ್ತ ಸೆರಗು ಹಿಡಕೊಳ್ಳೂದು ಬ್ಯಾಡ ಅಂತ ರಿಕಾರ್ಡ ಚೀಲದಾಗ ಹಾಕಿದೆ.

ರವಿವಾರ, ೨೦ ಸೆಪ್ಟೆಂಬರ್

ಡಬ್ಬಿ ನಾನ ಬಂದು ಕೂಡಸ್ತೇನಿ ಅಂತ ಬಂದೇನವಾಜ ಸುಮಲತಾನ ಮುಂದ ಫೋನಿನ್ಯಾಗ ಹೇಳಿದ್ದ. ಹತ್ತು ಗಂಟೆಕ್ಕ ಬಂದ. ಎಷ್ಟ ವರ್ಷಾತೋ ಈ ಮನಿಗೆ ಬಂದು. ಪ್ಲಾಟು ಎಲ್ಲಾ ನೋಡಿ ದಾರಿ ತಪ್ಪಿದ್ದನಂತ, ಗಿರಣಿ ಎಲ್ಲೆ ಅಂತ ಕೇಳಕೋತ ಬಂದೆ ಅಂದ.

ವೈರು ಹಚ್ಚಿ, ಮೂವರೂ ಚಾಪಿ ಮ್ಯಾಲ ಕುಂತ್ವಿ. ಅರ್ಥಿಂಗ್ ನಾ ನೋಡಲಿಲ್ಲ, ಈಗ ಬರಿಯೂಮುಂದ ನೆನಪಾತು. ಜಯಾ ಎರಡೂ ಬಾಜೂ ಏಳಲಿಲ್ಲ. ನಡುವ ಒಮ್ಮೆ ನನ್ನ ಮೊಣಕೈ ತಿವಿದು, ಮಾರಿ ನನ್ನ ಕಡೆ ಮಾಡಿ, ಈಗ ಏಳಾಕತ್ತೇತಿ ನೋಡ್ರಿ ಅಂದ್ಲು. ಹೆಂಗ ಐತಿ ಅಂದೆ. ವಿಚಾರ ಮಾಡಿ, ಕಾದ ಎಣ್ಣ್ಯಾಗ ಒಂದ ಸಾಸಿವಿ ಸಿಡದಂಗ, ಆದ್ರ ಸುಡಂಗಿಲ್ಲ ಅಂದ್ಲು. ಬಂದೇನವಾಜ ಇಷ್ಟು ವರ್ಷ ನನಗ ಹೇಳಾಕ ಬಂದಿದ್ದಿಲ್ಲ ನೋಡು ಇದು ಅಂದ.

ಮುಗದ ಮ್ಯಾಲ ಅಂವ ನನ್ನ ಕೇಳಿದ, ನಿನಗ ಎಷ್ಟ ಕೇಳತು. ಅರ್ಧ ಅಂದೆ. ಇರ್ಲಿ ಬಿಡು, ನಾವೂ ಅರ್ಧಾನ ಕೇಳತೇವಿ, ಉಳದ ಅರ್ಧ ಮಾತಾಡತೇವಿ ಅಂದ.

ಹೊಂಟಾಗ ಬಾಗಲದ ತನಕಾ ಹೋದೆ. ಅಂವ ಚಪ್ಪಲಿ ಮೆಟ್ಟಿ, ಬೆನ್ನು ಈ ಕಡೆ ಮಾಡಿ, ಅಂಗಳದಾಗ ನಡಕೋತ ಏನೋ ಅಂದ. ಮೊದಲಿನ ಗತೆ ಹ್ಞೂ ಅನ್ನಾಕ ಬಾಯಿ ತಗದಿದ್ದೆ. ಅನ್ನಲಿಲ್ಲ.

"ಕೇಳಲಿಲ್ಲೋ ಬಂದೇನವಾಜ. ಮಾರಿ ಈ ಕಡೆ ಮಾಡಿ ಹೇಳು."

ಅಂವ ನಿಂತು, ಹೊಳ್ಳಿ, ನಾಲ್ಕು ಹೆಜ್ಜಿ ಹಿಂದಕ್ಕ ಬಂದು ನನ್ನ ಮುಂದ ನಿಂತ.

"ಮುಂದಿನ ರವಿವಾರ ಬರ್ಲ್ಯಾ ಅಂದೆ."